ಟೋಪಿ ಹಿಡಿದವಳು

ಗುಂಬಾಲಾ ಊರಿನವರು ಅದನ್ನು ತಟ್ಟೆ ಎಂದೇ ಕರೆಯುತ್ತಾರೆ. ಪುಸ್ತಕಗಳಲ್ಲಿ ರೇಡಿಯೊ ದೂರದರ್ಶಕ ಎಂದಿದೆ, ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಊರಿನವರಿಗೆ ಮಾತ್ರ ಅದು ಕುರಿಗಳ ನಡುವೆ ನಿಂತು ಆಕಾಶಕ್ಕೆ ಕಿವಿಗೊಟ್ಟ ಒಂದು ದೊಡ್ಡ ಬಿಳಿ ತಟ್ಟೆ. “ಇವತ್ತು ತಟ್ಟೆ ಪೂರ್ವಕ್ಕೆ ತಿರುಗಿದೆ ನೋಡು” ಎನ್ನುತ್ತಾರೆ, ಪಕ್ಕದ ಮನೆಯವನು ಜಗುಲಿಯಲ್ಲಿ ಕೂತಿದ್ದಾನೆ ಎಂದ ಹಾಗೆ.

ಅದು ನಿಂತಿರುವ ಹುಲ್ಲುಗಾವಲು ಹಿಂದೆ ನೋಲಾಳ ಅಪ್ಪನದು. ತಟ್ಟೆ ಕಟ್ಟಿ ಮುಗಿದಾಗ ಅವಳಿಗೆ ಒಂಬತ್ತು ವರ್ಷ. ಆಗ ಅಲ್ಲೊಂದು ಪದ್ಧತಿ ಹುಟ್ಟಿಕೊಂಡಿತ್ತು. ತಟ್ಟೆಯನ್ನು ಪೂರ್ತಿ ಬಾಗಿಸಿದರೆ ಅದರ ಅಂಚು ನೆಲದ ಹತ್ತಿರಕ್ಕೆ ಬರುತ್ತದೆ. ಅಂಚಿನ ಜಾಲರಿಯ ಮೇಲೆ ಹತ್ತಿ ಕೂತರೆ, ತಟ್ಟೆ ಮತ್ತೆ ಮೇಲಕ್ಕೆ ಮುಖ ಮಾಡುವಾಗ ಕೂತವರೂ ಮರಗಳನ್ನು ದಾಟಿ ಮೇಲೇರುತ್ತಾರೆ. ಹುಲ್ಲುಬಂಡಿ ಸವಾರಿ ಎಂದು ಅದಕ್ಕೆ ಹೆಸರು. ಕೆಲಸಗಾರರು ಸುತ್ತಲಿನ ಮನೆಗಳ ಹುಡುಗರನ್ನೂ ಕರೆದು ಕೂರಿಸಿಕೊಳ್ಳುತ್ತಿದ್ದರು. ಹುಡುಗರನ್ನು ಮಾತ್ರ.

ಆ ದಿನ ನೋಲಾಳ ಅಣ್ಣ ಕ್ಲೈವ್ ಹತ್ತಿದ, ಅವನ ಗೆಳೆಯ ಡೆಸ್ ಹತ್ತಿದ. ನೋಲಾ ಕಾಲೆತ್ತಿದಾಗ ಮೇಸ್ತ್ರಿ ಅವಳ ತೋಳು ಹಿಡಿದು ಕೆಳಗಿಳಿಸಿದ. “ಲಂಗ ಹಾಕ್ಕೊಂಡವರಿಗಲ್ಲಮ್ಮ ಇದು.” ಗಾಳಿಗೆ ಹಾರಿಹೋದಾವೆಂದು ಹುಡುಗರು ತಮ್ಮ ಟೋಪಿಗಳನ್ನು ಅವಳ ಕೈಗೆ ತುರುಕಿದರು. “ಮುಂದಿನ ಸಲ ನೀನು” ಎಂದ ಡೆಸ್. ಬೇಲಿಯ ಪಕ್ಕ ಎರಡು ಟೋಪಿ ಹಿಡಿದುಕೊಂಡು, ಅವರ ಬೂಟಿನ ಅಡಿಗಳು ಚಿಕ್ಕದಾಗುವುದನ್ನು ಅವಳು ನೋಡುತ್ತ ನಿಂತಳು. ಆ ಮುಂದಿನ ಸಲ ಬರಲೇ ಇಲ್ಲ.

ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ಆದರೆ ಕ್ಲೈವ್ ಪ್ರತಿ ಕ್ರಿಸ್‌ಮಸ್ ಊಟಕ್ಕೆ ಆ ಕತೆ ತೆಗೆಯುತ್ತಿದ್ದ. ವರ್ಷ ಕಳೆದ ಹಾಗೆ ಕತೆಗೆ ಒಂದು ಬಾಲ ಬೆಳೆಯಿತು. “ನಾವು ಮೇಲೆ ಹೋಗ್ತಾ ಇದ್ರೆ ನಮ್ಮ ನೋಲ್ ಕೆಳಗೆ ಹೆದರಿ ಗೋಳೋ ಅಂತ ಅಳ್ತಿದ್ಲು.” ಎಲ್ಲರೂ ನಗುತ್ತಿದ್ದರು. ಕತೆ ಮನೆಯಿಂದ ಪಬ್ಬಿಗೆ ಹೋಯಿತು, ಪಬ್ಬಿನಿಂದ ಕುರಿ ಸಂತೆಗೆ.

ನೋಲಾ ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು, ಬರಗಾಲದಲ್ಲಿ ಕುರಿಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದಳು. ಶಾಲೆಯ ಬಸ್ಸು ಓಡಿಸುವ ಕೆಲಸಕ್ಕೆ ಸೇರಿದಳು. ಮುಸ್ಸಂಜೆಯ ಕೆಂಪು ಮಣ್ಣಿನ ರಸ್ತೆಯಲ್ಲಿ ಎದುರಿಗೆ ಕಾಂಗರೂ ಹಾರಿ ಬಂದರೂ ಸ್ಟೀರಿಂಗ್ ಅಲುಗಾಡಿಸದ ಹೆಂಗಸು ಅವಳು. ಆದರೂ ಊರಿನ ಲೆಕ್ಕದಲ್ಲಿ ಅವಳು ತಟ್ಟೆಗೆ ಹೆದರಿದವಳು.

ಪ್ರತಿ ವಸಂತದಲ್ಲೂ ಶಾಲೆಯ ಮಕ್ಕಳನ್ನು ತಟ್ಟೆ ನೋಡಲು ಕರೆತರುವವಳೂ ಅವಳೇ. ಈ ವರ್ಷ ಹೊರಟಾಗ ಒಂದು ಸುದ್ದಿ ಕಿವಿಗೆ ಬಿದ್ದಿತ್ತು: ತಟ್ಟೆ ತಿರುಗಿಸುವ ಕೆಲಸದಿಂದ ಡೆಸ್ ಈ ತಿಂಗಳು ನಿವೃತ್ತನಾಗುತ್ತಾನೆ. ಇನ್ನು ಮುಂದೆ ಅದನ್ನು ಸಿಡ್ನಿಯಲ್ಲಿ ಕೂತೇ ಕಂಪ್ಯೂಟರಿನಿಂದ ತಿರುಗಿಸುತ್ತಾರೆ. ಒಂದು ಸವಾರಿ ಕೇಳಿಕೊಳ್ಳೋಣವೆಂದರೆ ಇಲ್ಲಿ ಮನುಷ್ಯರೇ ಇರುವುದಿಲ್ಲ.

ಬೇಲಿಯ ಹೊರಗೆ ಮಕ್ಕಳ ಆಟಕ್ಕೆಂದು ಎರಡು ಪುಟ್ಟ ತಟ್ಟೆಗಳನ್ನು ಎದುರುಬದುರಾಗಿ, ದೂರ ದೂರ ನಿಲ್ಲಿಸಿದ್ದಾರೆ. ಒಂದರಲ್ಲಿ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ನಿಂತವರಿಗೆ ಕೇಳುತ್ತದೆ. ಮಾಂಸದ ಪೈ ತಿನ್ನುತ್ತ ನೋಲಾ ಒಂದರ ಮುಂದೆ ನಿಂತಿದ್ದಾಗ, ಆ ತುದಿಯಿಂದ ಒಂದು ಹುಡುಗಿಯ ದನಿ ಕಿವಿಯೊಳಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

“ನೋಲ್ ಆಂಟಿ, ಚಿಕ್ಕವರಿದ್ದಾಗ ನೀವು ಇದಕ್ಕೆ ಹೆದರಿ ಅತ್ತಿದ್ರಂತೆ, ಹೌದಾ? ನಮ್ಮಜ್ಜ ಹೇಳ್ತಿದ್ರು.”

ನೋಲಾ ಉಳಿದ ಪೈಯನ್ನು ಕಸದ ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು ಬಸ್ಸು ಹತ್ತಿದಳು.

ಕುರಿ ಗೇಟಿನ ಸರಪಳಿ ಬಿಚ್ಚಿ ಬಸ್ಸನ್ನು ಒಳಗೆ ತಂದಳು. ಮತ್ತೆ ಇಳಿದುಹೋಗಿ ಗೇಟು ಹಾಕಿದಳು. ಏನೇ ಆಗಲಿ, ಗೇಟು ತೆರೆದಿಟ್ಟು ಹೋಗುವಂಥ ಮನೆಯವಳಲ್ಲ ಅವಳು. ಆಮೇಲೆ ತಟ್ಟೆಯ ಅಂಚು ಇಳಿದು ಬರುವ ಜಾಗದಲ್ಲೇ ಸರಿಯಾಗಿ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿದಳು.

ಜಾಲರಿ ರಿಪೇರಿಗೆಂದು ಸ್ವಲ್ಪ ಹೊತ್ತಿನಲ್ಲೇ ತಟ್ಟೆಯನ್ನು ಬಾಗಿಸುವುದಿತ್ತು. ಉಪಕರಣ ಹಿಡಿದು ಕಾಯುತ್ತಿದ್ದ ಇಬ್ಬರು ಮೆಕ್ಯಾನಿಕ್‌ಗಳು ಮುಖ ಮುಖ ನೋಡಿಕೊಂಡರು. ಅಲ್ಲಿನ ಮೇಲ್ವಿಚಾರಕ ಪ್ರೆಸ್ಕಾಟ್ ಹೊಳೆಯುವ ಬೂಟಿನಲ್ಲಿ ಕುರಿ ಹಿಕ್ಕೆ ತಪ್ಪಿಸುತ್ತ ಓಡಿ ಬಂದ.

“ಇದೇನ್ರೀ ಇದು? ಬಸ್ ತೆಗೀರಿ.”

“ತೆಗೀತೀನಿ. ಒಂದು ಸವಾರಿ ಆಗ್ಲಿ.”

“ಅದೆಲ್ಲ ನಿಲ್ಸಿ ಎಷ್ಟೋ ವರ್ಷ ಆಯ್ತು. ಬಿದ್ರೆ ಯಾರ್ರೀ ಹೊಣೆ? ವಿಮೆಯವರು ಒಪ್ಪಲ್ಲ.”

“ಹೋದ ತಿಂಗಳು ಮಂತ್ರಿ ಕೂತು ಹೋದ್ರಲ್ಲ. ಅವತ್ತು ವಿಮೆಯವರು ರಜದ ಮೇಲಿದ್ರಾ?”

ಮೆಕ್ಯಾನಿಕ್‌ಗಳಲ್ಲೊಬ್ಬ ಕೆಮ್ಮಿದ. ಬೇಲಿಗೆ ಒರಗಿದ ಮಕ್ಕಳು ಉಸಿರು ಬಿಗಿಹಿಡಿದಿದ್ದರು.

“ನಿಮ್ಮ ಕೆಲಸ ಹೋಗುತ್ತೆ, ಗೊತ್ತಾ?”

“ಹೋಗ್ಲಿ. ಬಸ್ ಮಾತ್ರ ಹೋಗಲ್ಲ.”

ಪ್ರೆಸ್ಕಾಟ್ ಜೇಬಿನಿಂದ ಮೊಬೈಲ್ ತೆಗೆದ. “ಈಗಲೇ ಸಿಡ್ನಿಗೆ...”

“ಆನ್ ಮಾಡ್ಬೇಡಿ ಸರ್!” ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಬೆಳಗ್ಗೆ ಅವನೇ ಹೇಳಿಕೊಟ್ಟ ಪಾಠ ಅದು. ಇಲ್ಲಿ ಒಂದು ಮೊಬೈಲ್ ಆನ್ ಆದರೂ ತಟ್ಟೆಗೆ ಕೇಳುವ ನಕ್ಷತ್ರದ ದನಿ ಮುಳುಗಿಹೋಗುತ್ತದೆ. ಅವನ ಕಿವಿ ಕೆಂಪಾಯಿತು. ಫೋನ್ ಮಾಡಬೇಕಾದರೆ ತಂತಿ ಫೋನ್ ಇರುವ ಕಚೇರಿಗೆ ಹೋಗಬೇಕು. ಕಚೇರಿ ಇದ್ದದ್ದು ಹುಲ್ಲುಗಾವಲಿನ ಆ ಕೊನೆಗೆ. ಅವನು ಬಿರಬಿರನೆ ನಡೆದ.

ತಟ್ಟೆಯನ್ನು ಹೊತ್ತ ಗೋಪುರದ ಮೆಟ್ಟಿಲಿಳಿದು ಡೆಸ್ ಬಂದ. ಕೈಯಲ್ಲಿ ಚಹಾದ ಮಗ್ಗು. ಬಸ್ಸನ್ನು ನೋಡಿದ, ಅವಳನ್ನು ನೋಡಿದ.

“ಏನೇ ಮಾರಾಯ್ತಿ, ನನ್ನ ತಟ್ಟೆಗೆ ಅಡ್ಡ ನಿಂತಿದ್ದೀಯ?”

“ಮುಂದಿನ ಸಲ ನೀನು ಅಂದಿದ್ಯಲ್ಲ. ಅದಕ್ಕೇ ಬಂದೆ.”

ಡೆಸ್ ಮಗ್ಗಿನೊಳಗೆ ನೋಡಿದ. “ಬರೋಕೆ ಇಷ್ಟು ತಡವೇನೇ?”

“ನಾನು ಅತ್ತಿದ್ನೇನೋ ಡೆಸ್, ಆವತ್ತು?”

ಹುಲ್ಲಿನಲ್ಲಿ ಗಾಳಿ ಓಡಿಹೋಯಿತು.

“ಇಲ್ಲ. ಅತ್ತಿದ್ದು ಕ್ಲೈವ್. ಇಳಿಯೋವರೆಗೂ ನನ್ನ ಬೆಲ್ಟ್ ಬಿಟ್ಟಿರಲಿಲ್ಲ.”

“ಅದನ್ನ ಪಬ್ಬಲ್ಲಿ ಯಾವತ್ತೂ ಹೇಳಲಿಲ್ಲವಲ್ಲೋ ನೀನು.”

“ಗೆಳೆಯ ಅಲ್ವೇನೇ.”

“ನಾನೇನು ಬೇಲಿ ಗೂಟವಾ?”

ಡೆಸ್ ಗೋಪುರದ ಮೇಲಿನ ಗಾಳಿ ಅಳೆಯುವ ಚಕ್ರದತ್ತ ಕತ್ತೆತ್ತಿದ. ಅದು ಸೋಮಾರಿಯಂತೆ ತಿರುಗುತ್ತಿತ್ತು. “ಗಾಳಿ ಅಡ್ಡಿಯಿಲ್ಲ. ಬಸ್ ಹಿಂದಕ್ಕೆ ತೆಗಿ.”

“ತೆಗೆದ ಮೇಲೆ ಕೈ ಕೊಟ್ರೆ?”

“ಕೊಟ್ರೆ ನಿನ್ನ ಬಸ್ ಅಡೀಗೆ ನಾನೇ ಮಲಗ್ತೀನಿ. ತೆಗಿಯೇ, ಆ ಮನುಷ್ಯ ಕಚೇರಿ ಮುಟ್ಟೋದ್ರೊಳಗೆ.”

ಅವಳು ಬಸ್ಸು ತೆಗೆದಳು. ಇಳಿದು ಬಂದವಳೇ ತಲೆಯ ಮೇಲಿನ ಹಳೆಯ ಟೋಪಿ ತೆಗೆದು ಡೆಸ್‌ನ ಕೈಗೆ ಕೊಟ್ಟಳು.

“ಹಿಡ್ಕೋ. ಗಾಳಿಗೆ ಹಾರಿಹೋದೀತು.”

ಡೆಸ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮಗ್ಗು ಹುಲ್ಲಿನಲ್ಲೇ ಉಳಿಯಿತು.

ಮೊದಲು ಎಚ್ಚರಿಕೆಯ ಗಂಟೆಯ ಸದ್ದು, ಹಿಂದೆಯೇ ಮೋಟಾರಿನ ಗುಂಯ್‌ಗುಡುವಿಕೆ. ಆಕಾಶದ ಒಂದು ಭಾಗವೇ ಬಾಗಿದ ಹಾಗೆ ತಟ್ಟೆ ಇಳಿದು ಬಂತು. ಒಬ್ಬ ಮೆಕ್ಯಾನಿಕ್ ತನ್ನ ಸುರಕ್ಷತಾ ಬೆಲ್ಟನ್ನು ಅವಳ ಸೊಂಟಕ್ಕೆ ಬಿಗಿದು, ಕೊಂಡಿಯನ್ನು ಅಂಚಿಗೆ ಸಿಕ್ಕಿಸಿ, ಕೈ ಕೊಟ್ಟು ಹತ್ತಿಸಿದ. “ಕೂತ್ಕೊಳ್ಳಿ ಅಮ್ಮ.”

“ಹುಡುಗರು ಕೂತಿದ್ರು” ಎಂದಳು ನೋಲಾ, ಜಾಲರಿಯ ಕಂಬಿ ಹಿಡಿದು ನಿಂತುಕೊಂಡೇ.

ತಟ್ಟೆ ಏಳತೊಡಗಿತು. ಬೇಲಿ ಗೆರೆಯಾಯಿತು, ಬಸ್ಸು ಬೆಂಕಿಪೊಟ್ಟಣವಾಯಿತು. ನೀಲಗಿರಿ ಮರಗಳ ತುದಿಗಳು ಅವಳ ಕಾಲ ಕೆಳಗೆ ಬಂದವು. ಅರಳಿದ ಕನೋಲ ಎಣ್ಣೆಕಾಳಿನ ಹೊಲಗಳ ಹಳದಿ, ಅದರಾಚೆ ತುಕ್ಕು ಹಿಡಿದ ತಗಡಿನ ಮಾಡು, ತಾನು ಹುಟ್ಟಿದ ಮನೆ. ಇಷ್ಟು ವರ್ಷ ಕ್ಲೈವ್ ಈ ಕತೆ ಹೇಳಿದ್ದನಲ್ಲ, ಇಲ್ಲಿಂದ ಮನೆ ಕಾಣುತ್ತದೆ ಎಂದು ಒಂದು ಸಲವೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದನೋ ಏನೋ.

ದೂರದಲ್ಲಿ ಕಚೇರಿಯ ಬಾಗಿಲಲ್ಲಿ ಇರುವೆಯಷ್ಟು ಪ್ರೆಸ್ಕಾಟ್ ಎರಡೂ ಕೈ ಬೀಸುತ್ತಿದ್ದ. ಅವಳೂ ಕೈ ಬೀಸಿದಳು.

ಇಳಿದ ಮೇಲೆ ಆಗಬೇಕಾದದ್ದು ಆಯಿತು. ಶಾಲೆಯ ಮುಂದಿನ ಅವಧಿಗೆ ಬಸ್ಸನ್ನು ಬೇರೆಯವರಿಗೆ ಕೊಟ್ಟರು. “ಇನ್ನು ಈ ಗೇಟಿನೊಳಗೆ ಕಾಲಿಡಬೇಡಿ” ಎಂದ ಪ್ರೆಸ್ಕಾಟ್. “ಇಡಲ್ಲ ಬಿಡಿ. ಮೇಲಿಂದ ಎಲ್ಲಾ ನೋಡಾಯ್ತು” ಎಂದಳು ನೋಲಾ. ಡೆಸ್ ಟೋಪಿಯನ್ನು ಧೂಳು ಕೊಡವಿ ಹಿಂದಿರುಗಿಸಿದ.

ಆ ಕ್ರಿಸ್‌ಮಸ್‌ಗೆ ಕ್ಲೈವ್ ಎಂದಿನಂತೆ ಬಂದ. ತಣ್ಣನೆಯ ಹಂದಿ ಮಾಂಸ ಕೊಯ್ದು ಬಡಿಸಿದ್ದಾಯಿತು, ಬಿಯರ್ ತೆರೆದದ್ದಾಯಿತು. ಕಿಟಕಿಯಾಚೆ ಬಿಸಿಲಿನಲ್ಲಿ ತಟ್ಟೆ ಬೆಳ್ಳಗೆ ನಿಂತಿತ್ತು.

“ಆವತ್ತು ನಾವು ಅದರ ಮೇಲೆ ಹೋಗ್ತಾ ಇದ್ರೆ, ನಮ್ಮ ನೋಲ್...” ಎಂದು ಕ್ಲೈವ್ ಶುರುಮಾಡಿದ.

ಮೇಜಿನ ಸುತ್ತ ಯಾರೂ ನಗಲಿಲ್ಲ. ನೋಲಾ ಚಾಕು ಕೆಳಗಿಟ್ಟು ಅಣ್ಣನ ಮುಖವನ್ನೇ ನೋಡಿದಳು.

“ಹೂಂ, ಹೇಳು ಕ್ಲೈವ್. ಮೇಲಿಂದ ಏನು ಕಾಣಿಸ್ತು?”

ಕ್ಲೈವ್ ಕಿಟಕಿ ಕಡೆ ನೋಡಿದ, ತಟ್ಟೆಯತ್ತ ನೋಡಿದ.

“ಯಾರಾದ್ರೂ ಆಲೂಗಡ್ಡೆ ಈ ಕಡೆ ಕೊಡ್ರಪ್ಪ” ಎಂದ.