ಮುರ್ತುಜಾಸಾಬರ ಹೆಗಲ ಟವೆಲ್ಲು

ನನಗೀಗ ಗಾಜಿನ ಕೋಣೆಯೊಳಗೆ ಕೆಲಸ. ತಲೆಯ ಮೇಲೆ ಎ.ಸಿ. ಇದೆ, ಕಾಲುಗಳು ದಿನವಿಡೀ ಒಣಗಿರುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುರ್ತುಜಾಸಾಬರ ಬಗ್ಗೆ ಮುಂದೆ ನಾನು ಏನು ಒಳ್ಳೆಯ ಮಾತು ಆಡಿದರೂ ಈ ಒಣಗಿದ ಕಾಲಿನ ಮೇಲೆ ನಿಂತು ಆಡುತ್ತಿದ್ದೇನೆ ಎಂಬುದು ಓದುವವರಿಗೆ ಗೊತ್ತಿರಲಿ.

ನನ್ನ ಹೆಸರು ಸಿದ್ದರಾಯ, ಊರು ಸಾರವಾಡ. ವಿಜಯಪುರದಲ್ಲಿ ಗೋಳಗುಮ್ಮಟದ ಹಿಂದಿನ ರಸ್ತೆಯಲ್ಲಿ ಭೀಮಾಶಂಕರರ ಗ್ಯಾರೇಜಿದೆ. ಅಲ್ಲಿ ಆರು ವರ್ಷ ಗಾಡಿ ತೊಳೆದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನ್ನದು ಕೈಯೂ ಕೆಸರು, ಕಾಲೂ ಕೆಸರು. ಮೊಸರು ಮಾತ್ರ ಮನೆಯಲ್ಲಿ ಹೆಂಡತಿ ಹಾಕಿದಷ್ಟೇ. ಕಾಲ್ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಬಿರಿದು, ಚಪ್ಪಲಿ ಮೆಟ್ಟಿದರೆ ಜೀವ ಹೋದಂತಾಗುತ್ತಿತ್ತು. ಮಳೆಗಾಲದಲ್ಲಂತೂ ಬಸ್ಸಿನಿಂದ ಇಳಿದು ಮನೆಯತನಕ ಬರಿಗಾಲಲ್ಲೇ ಹೋಗುತ್ತಿದ್ದೆ.

ಮುರ್ತುಜಾಸಾಬರು ಅದೇ ಗ್ಯಾರೇಜಿನ ಪೇಂಟರ್. ತಿಕೋಟಾದವರು, ವಯಸ್ಸು ಐವತ್ತೈದರ ಹತ್ತಿರ. ಭೀಮಾಶಂಕರರ ತಂದೆಯ ಕಾಲದಿಂದ, ಅಂದರೆ ಮೂವತ್ತೊಂದು ವರ್ಷದಿಂದ ಅದೇ ಶೆಡ್ಡಿನಲ್ಲಿ ಬಣ್ಣ ಹೊಡೆಯುತ್ತಿದ್ದಾರೆ. ಹಳೆಯ ಗಾಡಿಯ ಬಣ್ಣಕ್ಕೆ ಹೊಸ ಬಣ್ಣ ಕೂಡಿಸಬೇಕಾದರೆ ಬೇರೆಯವರು ಬಣ್ಣದ ಕಾರ್ಡು ಹಿಡಿದು ಹೋಲಿಸುತ್ತಾರೆ. ಇವರು ಪೆಟ್ರೋಲ್ ಮುಚ್ಚಳ ತೆಗೆದು, ಬಿಸಿಲು ಕಾಣದ ಆ ಒಳಭಾಗವನ್ನು ಒಮ್ಮೆ ನೋಡಿ, ಮತ್ತೆ ಹೊರಗಿನ ಬಾಗಿಲನ್ನು ಒಮ್ಮೆ ನೋಡಿ ಡಬ್ಬಿಗೆ ಕೈ ಹಾಕುತ್ತಿದ್ದರು. ಗಾಡಿ ಎಷ್ಟು ವರ್ಷ ಬಿಸಿಲು ತಿಂದಿದೆ ಎಂಬ ಲೆಕ್ಕ ಅವರ ಕಣ್ಣಲ್ಲೇ ಇತ್ತು. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಇಲ್ಲಿ ತಗ್ಗಿಗೆ ಪುಟ್ಟಿ ತುಂಬಿದ್ದಾರೆ, ಇಲ್ಲಿ ಎರಡು ಸಲ ಬಣ್ಣ ಬಿದ್ದಿದೆ ಎಂದು ಹೇಳಿಬಿಡುತ್ತಿದ್ದರು. ಅಷ್ಟು ಬಲ್ಲ ಮನುಷ್ಯ ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಅವರ ಹೆಗಲ ಮೇಲೆ ಯಾವಾಗಲೂ ಕೆಂಪು ಅಂಚಿನ ಒಂದು ಬಿಳಿ ಟವೆಲ್ಲು. ಅದರಲ್ಲಿ ಮುಖ ಒರೆಸುತ್ತಿರಲಿಲ್ಲ, ಕೈ ಒರೆಸುತ್ತಿರಲಿಲ್ಲ. ಅವರಿಗೆ ಕೆಲಸ ಕಲಿಸಿದ ಯಾಕೂಬ ಉಸ್ತಾದರು ಒಂದು ಕಟ್ಟಳೆ ಹಾಕಿಕೊಟ್ಟಿದ್ದರಂತೆ: ಕೆಲಸ ಮುಗಿದ ಗಾಡಿಯನ್ನು ಮಾಲಕನಿಗೆ ಒಪ್ಪಿಸುವ ಮೊದಲು ಕೊನೆಯ ಒರಸು ನಮ್ಮ ಹೆಗಲ ಮೇಲಿನ ಬಟ್ಟೆಯದೇ ಆಗಬೇಕು. ಗ್ಯಾರೇಜಿನ ಅರಿವೆ ಗ್ಯಾರೇಜಿನದು, ಹೆಗಲಿನದು ನಮ್ಮದು. ಉಸ್ತಾದರು ತೀರಿಹೋಗಿ ಎಷ್ಟೋ ವರ್ಷವಾಯಿತು, ಕಟ್ಟಳೆ ಉಳಿಯಿತು. ಹೆಂಡತಿ ಮದೀನಾಬಿ ದಿನಾ ಒಂದು ಟವೆಲ್ಲು ಒಗೆದು, ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ತಾನೇ ಅವರ ಹೆಗಲ ಮೇಲೆ ಹಾಕಿ ಕಳಿಸುತ್ತಿದ್ದಳು. ನಾವು ಚೇಷ್ಟೆ ಮಾಡುತ್ತಿದ್ದೆವು, ಕಾಕಾ ದಿನಾ ಮದುಮಗನ ಹಂಗ ಬರ್ತಾರ ಎಂದು.

ಕಳೆದ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿತು. ಬಣ್ಣಕ್ಕೆ ಬೆರೆಸುವ ಥಿನ್ನರಿನ ಹೊಗೆ ಮೂವತ್ತು ವರ್ಷ ಒಳಗೆ ಹೋಗಿದೆ, ಸುಮ್ಮನೆ ಬಿಡುತ್ತದೆಯೇ. ಗುಮ್ಮಟದ ಮುಂದಿನ ರಸ್ತೆ ದಾಟುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ಬಣ್ಣ ಸಿಂಪಡಿಸುವ ಗನ್ನು ಇನ್ನು ಹಿಡಿಯಬಾರದು, ಹಿಡಿದರೆ ಎದೆಯಲ್ಲಿ ಉಳಿದಿರುವುದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಮುರ್ತುಜಾಸಾಬರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮರುದಿನ ಮತ್ತೆ ಗನ್ನು ಹಿಡಿದರು. ಬೇರೆ ಏನು ಹಿಡಿಯಬೇಕು ಎಂದು ಡಾಕ್ಟರು ಬರೆದಿರಲಿಲ್ಲ.

ಅದೇ ಹೊತ್ತಿಗೆ ಭೀಮಾಶಂಕರರಿಗೆ ಹೊಸ ವಿಚಾರ ಬಂತು. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಯವರು ದೊಡ್ಡ ದೊಡ್ಡ ಗಾಡಿ ಕೊಂಡಿದ್ದಾರೆ, ಪಾಲಿಶ್ ಮಾಡಿಸಲು ಸೋಲಾಪುರಕ್ಕೆ ಹೋಗುತ್ತಾರೆ. ಆ ಕೆಲಸ ನಮ್ಮಲ್ಲೇ ಮಾಡಬೇಕು ಎಂದು ಧೂಳು, ಹೊಗೆ ಬಾರದ ಗಾಜಿನ ಕೋಣೆ ಕಟ್ಟಿಸಿದರು. ಪಾಲಿಶ್ ಕಂಪನಿಯವರಿಗೆ ಹೇಳಿ ಗ್ಯಾರೇಜಿನಲ್ಲೇ ಎರಡು ದಿನದ ತರಬೇತಿ ಇಡಿಸಿದರು. ಬೇರೆ ಊರಿನಿಂದಲೂ ಜನ ಬಂದರು. ಕೋಣೆಗೆ ಒಬ್ಬನೇ ಸಾಕು. ಅದಕ್ಕೆ ನಮ್ಮಲ್ಲಿ ಮುರ್ತುಜಾಸಾಬರ ಹೆಸರು ಮತ್ತು ನನ್ನ ಹೆಸರು ಕೊಟ್ಟರು. ಕಲಿಸಲು ಬಂದವರು ಯಾರನ್ನು ಚಲೋ ಎನ್ನುತ್ತಾರೋ ಅವನು ಒಳಗೆ, ಇನ್ನೊಬ್ಬ ಹೊರಗೆ ತನ್ನ ಹಳೆಯ ಕೆಲಸಕ್ಕೆ ಎಂದರು. ಮುರ್ತುಜಾಸಾಬರು ಒಳಗೆ ಹೋದರೆ ಗನ್ನು ಹಿಡಿಯಲು ಬೇರೆ ಪೇಂಟರನ್ನು ತರಿಸುತ್ತೇನೆ ಎಂದೂ ಹೇಳಿದರು. ಅವರಿಗೆ ಉಸಿರಿನ ಪ್ರಶ್ನೆ, ನನಗೆ ಕಾಲಿನ ಪ್ರಶ್ನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಕಾಲೇ ದೊಡ್ಡದಾಗಿ ಕಂಡಿತ್ತು.

ಕಲಿಸಲು ಬಂದವರು ಗೀತಾಂಜಲಿ ಎಂಬ ಧಾರವಾಡದ ಹೆಣ್ಣುಮಗಳು. ಮೂವತ್ತರ ಒಳಗಿನ ವಯಸ್ಸು, ಕಾಲಲ್ಲಿ ದಪ್ಪ ಬೂಟು, ಕೈಯಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರ್. ಮೊದಲ ದಿನ ಒಂದು ಕರಿಯ ಕಾರಿನ ಮೇಲೆ ಅದನ್ನು ಇಟ್ಟು ತೋರಿಸುತ್ತಿದ್ದರು. ಮುರ್ತುಜಾಸಾಬರು ಅಷ್ಟರಲ್ಲೇ ಬಾಗಿಲು ತಟ್ಟಿ, ಇದಕ್ಕ ಕಂಪನಿ ಬಣ್ಣದ ಮ್ಯಾಲ ಒಮ್ಮಿ ಹೊರಗಿನ ಬಣ್ಣ ಬಿದ್ದೈತ್ರಿ ಎಂದರು. ಮೀಟರೂ ಅದನ್ನೇ ಹೇಳಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಯಾರೋ ಹಿಂದಿನಿಂದ ನಕ್ಕರು. ಗೀತಾಂಜಲಿ ಮಾತ್ರ ನಗಲಿಲ್ಲ. ಎಲ್ಲಿ, ಹೇಗೆ ತಟ್ಟಬೇಕು ಎಂದು ಅವರನ್ನೇ ಕೇಳಿ, ತಾವೂ ತಟ್ಟಿ ನೋಡಿದರು. ಸ್ಪರ್ಧೆ ಮುಗಿದಂತೆಯೇ ಎಂದುಕೊಂಡೆ.

ಆಮೇಲೆ ಗೀತಾಂಜಲಿ ಹೇಳಿದ ಪಾಠಗಳಲ್ಲಿ ಒಂದು ಬಹಳ ಸಲ ಬಂತು: ನೆಲಕ್ಕೆ ಬಿದ್ದ ಅರಿವೆ ಮತ್ತೆ ಗಾಡಿ ಮುಟ್ಟಬಾರದು. ಕೊಡವಿದರೆ ಹೋಗುವುದಿಲ್ಲ, ಒಂದು ಕಣ ಉಸುಕು ಇದ್ದರೂ ಇಡೀ ದಿನದ ಕೆಲಸ ಹಾಳು. ಬಿದ್ದರೆ ಬದಿಗೆ ಎಸೆಯಿರಿ, ಹೊಸದು ತೆಗೆದುಕೊಳ್ಳಿರಿ. ಮುರ್ತುಜಾಸಾಬರೂ ತಲೆಯಾಡಿಸಿದರು. ಕಂಪನಿಯವರು ಕೊಟ್ಟ ಹಳದಿ ಅರಿವೆಗಳ ವಿಷಯದಲ್ಲಿ ಅವರು ಅದನ್ನು ತಪ್ಪದೆ ಪಾಲಿಸಿದರು. ಹೆಗಲ ಮೇಲಿನದು ಅವರ ಲೆಕ್ಕದಲ್ಲಿ ಅರಿವೆಯೇ ಅಲ್ಲ, ಅದು ಅವರ ಮೈ.

ಎರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವರು ತಮ್ಮ ಬುತ್ತಿ ಬಿಚ್ಚಿ ನನ್ನ ಮುಂದೆ ಇಟ್ಟರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಮುಷ್ಟಿ ಒಣದ್ರಾಕ್ಷಿ. ನೀ ಶುರು ಮಾಡು, ನಾ ನಮಾಜು ಮುಗಿಸಿ ಬರ್ತೀನಿ ಎಂದು ಕೈಕಾಲು ಮುಖ ತೊಳೆದು ವಜೂ ಮಾಡಲು ನಳದ ಕಡೆ ಹೋದರು. ಟವೆಲ್ಲನ್ನು ಕಂಪ್ರೆಸರಿನ ಪೈಪಿನ ಮೇಲೆ ಹಾಕಿ ಹೋಗಿದ್ದರು. ಅವರು ಮೂಲೆಯಲ್ಲಿ ಚಾಪೆ ಹಾಸಿ ನಿಂತಿದ್ದಾಗ ಗಾಳಿ ಬಂತು. ಟವೆಲ್ಲು ಜಾರಿ ಕೆಳಗೆ ಬಿತ್ತು. ಅಲ್ಲಿ ಮುಂಜಾನೆಯಷ್ಟೇ ತಗಡು ಉಜ್ಜಿದ್ದರು, ನೆಲದ ಮೇಲೆ ಕಬ್ಬಿಣದ ಪುಡಿ ಹಾಗೇ ಇತ್ತು.

ನಾನು ಎದ್ದು ಹೋಗಿ ಟವೆಲ್ಲು ಎತ್ತಿದೆ. ಎರಡು ಸಲ ಕೊಡವಿದೆ. ಮತ್ತೆ ಪೈಪಿನ ಮೇಲೆ ಹಾಕಿ ಬಂದು ಅವರ ರೊಟ್ಟಿ ತಿಂದೆ. ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಹಿರಿಯರ ಬಟ್ಟೆ ನೆಲದ ಮೇಲೆ ಬಿದ್ದಿದೆ, ಎತ್ತಿಟ್ಟೆ, ಅಷ್ಟೇ. ಕೆಟ್ಟದ್ದು ಬಂದದ್ದು ಆಮೇಲೆ.

ಮೂರು ಗಂಟೆಗೆ ಪರೀಕ್ಷೆ. ಆ ಕರಿಯ ಕಾರಿನ ಬಾನೆಟ್ಟಿನ ನಡುವೆ ಟೇಪು ಅಂಟಿಸಿ ಎಡಭಾಗ ನನಗೆ, ಬಲಭಾಗ ಅವರಿಗೆ ಕೊಟ್ಟರು. ಕರಿ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಟಾರ್ಚು ಬಿಟ್ಟರೆ ಜೇಡರ ಬಲೆಯಂಥ ಸಣ್ಣ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಆ ಗೆರೆಗಳನ್ನು ಮಷೀನಿನಿಂದ ತೆಗೆಯಬೇಕು. ನಾನು ಗಡಿಬಿಡಿ ಮಾಡಿದೆ, ಅಂಚಿನಲ್ಲಿ ಮಷೀನು ಒತ್ತಿ ಬಣ್ಣಕ್ಕೆ ಮಂಜು ಕವಿದಂತೆ ಮಾಡಿಟ್ಟೆ. ಮುರ್ತುಜಾಸಾಬರು ಆ ಮಷೀನನ್ನು ಹಿಂದಿನ ದಿನವಷ್ಟೇ ಕಂಡವರು. ಆದರೂ ಅದು ಅವರ ಕೈಯಲ್ಲಿ ದನಿ ಎತ್ತದೆ ಓಡಾಡುತ್ತಿತ್ತು. ನಡುನಡುವೆ ನಿಂತು ಉಸಿರು ತೆಗೆದುಕೊಂಡರು, ಮತ್ತೆ ಶುರು ಮಾಡಿದರು. ಇನ್ನೂ ಹದಿನೈದು ನಿಮಿಷ ಇರುವಾಗಲೇ ಅವರ ಭಾಗ ಮುಗಿಯಿತು. ಶೆಡ್ಡಿನ ಪತ್ರಾಸಿನ ಚಾವಣಿ, ಮೇಲಿನ ದೀಪ, ನಮ್ಮಿಬ್ಬರ ಮುಖ ಎಲ್ಲ ಅದರೊಳಗೆ ಕಾಣುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ಭೀಮಾಶಂಕರರು ಹಲ್ಲು ಬಿಟ್ಟು ನಗುತ್ತಿದ್ದರು.

ಆಗ ಮುರ್ತುಜಾಸಾಬರ ಕೈ ಹೆಗಲಿಗೆ ಹೋಯಿತು.

ನನಗೆ ನೆನಪಾಯಿತು. ಟವೆಲ್ಲು ಬಿದ್ದದ್ದು, ಕಬ್ಬಿಣದ ಪುಡಿ, ನಾನು ಕೊಡವಿದ್ದು, ಎಲ್ಲ ಒಮ್ಮೆಲೇ ನೆನಪಾಯಿತು. ಅವರು ಟವೆಲ್ಲನ್ನು ತೆಗೆದು, ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಬಗ್ಗುವವರೆಗೆ ನನಗೆ ಸಮಯವಿತ್ತು. ಕಾಕಾ ಅಂದಿದ್ದರೂ ಸಾಕಿತ್ತು. ನಾಲಿಗೆ ಬಾಯಿಯಲ್ಲೇ ಇತ್ತು, ಅವರ ಮನೆಯ ಹಿಂಡಿಯ ಖಾರ ಇನ್ನೂ ಅದರ ಮೇಲಿತ್ತು. ನಾನು ಆಡಲಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಮಾತು ಕೇಳಿದ್ದೆ. ಆ ಜಾತಿಯವನು ನಾನೇ ಎಂದು ಅವತ್ತು ತಿಳಿಯಿತು.

ಅವರು ಒರೆಸಿದರು, ಉದ್ದಕ್ಕೆ ಮೂರು ಸಲ, ಪ್ರೀತಿಯಿಂದ. ಗೀತಾಂಜಲಿ ಟಾರ್ಚು ಬಿಟ್ಟಾಗ ಬಾನೆಟ್ಟಿನ ಮೇಲೆ ಬೆಳ್ಳಗೆ ಗೆರೆಗಳು ಎದ್ದಿದ್ದವು. ಆ ಹೆಣ್ಣುಮಗಳ ಮುಖವೇ ಬಾಡಿತು. ಯಾಕೆ ಒರೆಸಿದಿರಿ ಎಂದು ಕೇಳಿದರು. ಮುರ್ತುಜಾಸಾಬರು ಟವೆಲ್ಲನ್ನು ತಿರುವಿ ತಿರುವಿ ನೋಡುತ್ತಿದ್ದರು. ಇನ್ನೂ ಹತ್ತು ನಿಮಿಷ ಇದೆ, ತೆಗೆದುಬಿಡಿ ಎಂದು ಗೀತಾಂಜಲಿಯೇ ಮಷೀನು ಎತ್ತಿಕೊಟ್ಟರು. ಮುರ್ತುಜಾಸಾಬರು ಶುರು ಮಾಡಿದರು. ಒಂದು ನಿಮಿಷದೊಳಗೆ ಕೆಮ್ಮು ಬಂತು, ಬಂದದ್ದು ನಿಲ್ಲಲಿಲ್ಲ. ಮಷೀನು ಕೆಳಗಿಟ್ಟು, ಗಾಡಿಯ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು. ನಾನು ನೀರು ತಂದುಕೊಟ್ಟೆ. ಅವರು ನೀರು ಕುಡಿದು, ನನ್ನ ತಲೆಯ ಮೇಲೆ ಕೈಯಿಟ್ಟರು.

ಮುಂದಿನ ತಂಡದ ಜೊತೆ ಮುರ್ತುಜಾಸಾಬರು ಹುಬ್ಬಳ್ಳಿಗೆ ಬಂದು ಮತ್ತೊಮ್ಮೆ ಪರೀಕ್ಷೆ ಕೊಡಲಿ ಎಂದು ಗೀತಾಂಜಲಿ ಭೀಮಾಶಂಕರರಿಗೆ ಹೇಳಿಯೇ ಹೋದರು. ಭೀಮಾಶಂಕರರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸೋಮವಾರ ನಾನು ಗಾಜಿನ ಕೋಣೆಗೆ ಹೋದೆ, ಅವರು ಗನ್ನು ಹಿಡಿದರು. ಹದಿನೈದು ದಿನದಲ್ಲಿ ನನ್ನ ಕಾಲಿನ ಹುಣ್ಣುಗಳು ಮಾಯ್ದವು.

ಇದು ಫೆಬ್ರವರಿಯ ಮಾತು. ಈಗ ಶ್ರಾವಣ. ಮೊನ್ನೆ ಮಧ್ಯಾಹ್ನ ಚಹಾ ಕುಡಿಯುವಾಗ ನೋಡಿದೆ, ಅವರ ಹೆಗಲು ಬರಿದಾಗಿತ್ತು. ಟವೆಲ್ಲು ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿ ಕುಳಿತಿತ್ತು. ಎಷ್ಟೋ ದಿನದಿಂದ ಹಾಗೇ ಇದ್ದಿರಬೇಕು, ಗಾಜಿನೊಳಗೆ ಕುಳಿತವನಿಗೆ ಕಂಡಿರಲಿಲ್ಲ. ಯಾಕೆಂದು ಕೇಳಿದೆ. ಅವರು ದಣಿದ ದನಿಯಲ್ಲಿ ಹೇಳಿದರು. ಪರೀಕ್ಷೆಯ ದಿನ ಸಂಜೆ ಮನೆಗೆ ಹೋಗಿ ಮದೀನಾಬಿಯನ್ನು ಬೈದರಂತೆ, ಮದುವೆಯಾದಾಗಿನಿಂದ ಬೈಯದಷ್ಟು. ಅವಳು ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿನ ಉಸುಕಿನಲ್ಲಿ ಟವೆಲ್ಲು ಒಣಹಾಕಿದ್ದೀ, ನನ್ನ ಅನ್ನಕ್ಕೆ ಕಲ್ಲು ಹಾಕಿದೀ ಎಂದರಂತೆ. ಅಂದಿನಿಂದ ಟವೆಲ್ಲನ್ನು ಬಿಸಿನೀರಿನಲ್ಲಿ ಕುದಿಸಿ, ಮನೆಯೊಳಗೆ ಹಗ್ಗಕ್ಕೆ ಹಾಕಿ, ಚೀಲದಲ್ಲಿ ಕಟ್ಟಿ ಹೊಸ್ತಿಲ ಬಳಿ ಇಡುತ್ತಾಳೆ. ಹೆಗಲ ಮೇಲೆ ಹಾಕುವುದಿಲ್ಲ.

"ತನ್ನದ ತಪ್ಪು ಅಂತ ನಂಬ್ಯಾಳ. ಆರು ತಿಂಗಳಾತು, ನನ್ನ ಹೆಗಲಿಗಿ ಕೈ ಹಚ್ಚಾಕ ಹೆದರ್ತಾಳ ನೋಡು," ಎಂದರು.

ಇನ್ನು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಗಾಳಿ ಬಂದದ್ದು, ನಾನು ಎತ್ತಿ ಹಾಕಿದ್ದು, ಅವರ ಕೈ ಹೆಗಲಿಗೆ ಹೋದಾಗ ನನಗೆ ನೆನಪಾದದ್ದು, ನೆನಪಾಗಿಯೂ ಸುಮ್ಮನಿದ್ದದ್ದು. ಅತ್ತುಬಿಟ್ಟೆ. ಕೋಣೆಯನ್ನು ಬಿಟ್ಟುಕೊಡುತ್ತೇನೆ, ಇವತ್ತೇ ಮಾಲಕರಿಗೆ ಹೇಳುತ್ತೇನೆ ಎಂದೆ.

"ನೀ ಗನ್ನು ಹಿಡೀತಿಯೇನು?" ಎಂದು ಕೇಳಿದರು.

ನನಗೆ ಬರುವುದಿಲ್ಲ. ಬೇರೆ ಪೇಂಟರನ್ನು ತರಿಸುವ ಮಾತನ್ನು ಭೀಮಾಶಂಕರರು ಯಾವಾಗಲೋ ಮರೆತಿದ್ದಾರೆ. ನಾನು ತಲೆ ತಗ್ಗಿಸಿದೆ. ಅವರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ಬೈಯಲಿ, ಒಂದು ಏಟು ಹಾಕಲಿ ಎಂದು ನಾನು ಕಾಯುತ್ತಿದ್ದೆ.

"ಈಗ ಹೇಳಿದಿ, ನಿನಗ ಹಗುರಾತು," ಎಂದರು. "ಮನಿಗಿ ಹೋಗಿ ಆಕಿಗಿ ನಾ ಏನ್ ಹೇಳ್ಲಿ, ಸಿದ್ದು?"

ಚೀಲ ಬಿಚ್ಚಿ ಟವೆಲ್ಲು ತೆಗೆದು ಮೂಗು ಬಾಯಿಗೆ ಕಟ್ಟಿಕೊಂಡರು. ಬಣ್ಣದ ಶೆಡ್ಡಿನೊಳಗೆ ಹೋಗಿ ಕಂಪ್ರೆಸರ್ ಹಚ್ಚಿದರು. ನಾನೂ ಗಾಜಿನ ಕೋಣೆಗೆ ಹೋದೆ, ಇನ್ನೆಲ್ಲಿಗೆ ಹೋಗಲಿ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಾರವಾಡದ ಬಸ್ಸಿಗೆ ಕಾಯುತ್ತ ಅವರನ್ನು ದೂರದಿಂದ ನೋಡಿದೆ. ತಿಕೋಟಾ ಬಸ್ಸು ಬಂತು, ಅವರು ಹತ್ತಲಿಲ್ಲ. ಇನ್ನೊಂದು ಬಂತು, ಅದಕ್ಕೂ ಹತ್ತಲಿಲ್ಲ. ಖಾಲಿ ಚೀಲವನ್ನು ಮಡಚುತ್ತ, ಬಿಚ್ಚುತ್ತ ಕಲ್ಲಿನ ಬೆಂಚಿನ ಮೇಲೆ ಕುಳಿತೇ ಇದ್ದರು. ನನ್ನ ಬಸ್ಸು ಹೊರಟಾಗಲೂ ಅಲ್ಲೇ ಇದ್ದರು.