ಮೂರನೇ ಪಾರ್ಟಿಷನ್ನಿನ ಬೀಗ

ನಮ್ಮತ್ತಿಗೆ ಸಿಟ್ಟು ಬಂದರೆ ಪಾತ್ರೆ ಕುಕ್ಕುವವರಲ್ಲ, ಬಾಗಿಲು ಬಡಿಯುವವರಲ್ಲ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆಮೇಲೆ ಎದುರಿನವರನ್ನು ದೇವರೇ ಕಾಪಾಡಬೇಕು. ಅವರ ಮೇಜಿಗೂ ನನ್ನ ಹೊಲಿಗೆ ಮೆಷಿನ್ನಿಗೂ ನಡುವೆ ಒಂದು ಮೊಳ ಜಾಗ. ಹಾಗಾಗಿ ನಾನು ಹೇಳುತ್ತಿರುವುದೆಲ್ಲ ಪಕ್ಕದಲ್ಲೇ ಕೂತು ಕಂಡದ್ದು, ಯಾರ ಬಾಯಿಂದಲೋ ಕೇಳಿದ್ದಲ್ಲ.

ಸೊಸೆಯ ಕೆಲಸ ಏನೆಂದು ಬೀದಿಯಲ್ಲಿ ಯಾರಾದರೂ ಕೇಳಿದರೆ ನಮ್ಮಮ್ಮ "ಗುಂಡಿ ಒತ್ತೋದು" ಎಂದು ಮಾತು ಮುಗಿಸಿಬಿಡುತ್ತಿದ್ದಳು. ನಿಜವಾಗಿ ಅದು ಅಷ್ಟು ಸಲೀಸಾದ ಕೆಲಸವಲ್ಲ. ದೂರದ ಊರೊಂದರಲ್ಲಿ ಬೀರುವಿನಷ್ಟು ಎತ್ತರದ ಸರ್ವರ್, ಅಂದರೆ ದೊಡ್ಡ ಕಂಪ್ಯೂಟರ್, ಇದೆ. ಅದರೊಳಗೆ ಸಾಲಾಗಿ ಬೋರ್ಡುಗಳು. ಒಂದೊಂದರಲ್ಲೂ ಪ್ರೊಸೆಸರ್ರು, ಮೆಮೊರಿ. ಆ ಬೋರ್ಡುಗಳನ್ನು ಗುಂಪು ಮಾಡಿ, ಒಂದೇ ಯಂತ್ರವನ್ನು ನಾಲ್ಕು ಬೇರೆ ಬೇರೆ ಯಂತ್ರಗಳಂತೆ ವಿಂಗಡಿಸಿ ನಾಲ್ಕು ಗಿರಾಕಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಒಂದೊಂದು ಭಾಗವೂ ಒಂದೊಂದು ಪಾರ್ಟಿಷನ್. ಸಾಲುಮನೆ ಇದ್ದ ಹಾಗೆ: ಸೂರು ಒಂದೇ, ಆದರೆ ಒಬ್ಬರ ಮನೆಯಲ್ಲಿ ದೀಪ ಆರಿದರೆ ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಯಾವ ಪಾರ್ಟಿಷನ್ ನಿಲ್ಲಿಸಬೇಕು, ಯಾವುದನ್ನು ಎಬ್ಬಿಸಬೇಕು, ಯಾವ ಬೋರ್ಡನ್ನು ಯಾರಿಗೆ ಸೇರಿಸಬೇಕು, ಎಲ್ಲವನ್ನೂ ಅತ್ತಿಗೆ ನಮ್ಮ ಹಿಂದಿನ ಕೋಣೆಯಲ್ಲಿ ಕೂತೇ ಮಾಡುತ್ತಿದ್ದರು. ಆ ಯಂತ್ರವನ್ನು ಅವರು ಕಣ್ಣಾರೆ ನೋಡಿದ್ದೇ ಇಲ್ಲ.

"ಮುಖ ನೋಡದೇನೇ ಸಂಸಾರ ಮಾಡ್ತಿದ್ದೀರಲ್ಲ ಅತ್ತಿಗೆ" ಎಂದು ನಾನು ರೇಗಿಸುತ್ತಿದ್ದೆ.

"ಮುಖ ನೋಡಿ ಕಟ್ಕೊಂಡಿದ್ದು ಏನಾಯ್ತು ಅಂತ ನೀನೂ ನೋಡ್ತಿದ್ದೀಯಲ್ಲ" ಎಂದು ಅವರು ಅಣ್ಣನಿಗೆ ಕೇಳಿಸುವಂತೆ ಹೇಳುತ್ತಿದ್ದರು.

ಅಣ್ಣ ಬಸ್ ಡ್ರೈವರ್. ಆಗ ಬೆನ್ನು ಹಿಡಿದುಕೊಂಡು ಹಲಗೆಯ ಮೇಲೆ ಮಲಗಿದ್ದ. ನನ್ನ ಹೊಲಿಗೆಯ ದುಡ್ಡು ತರಕಾರಿಗೇ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದದ್ದು ಅತ್ತಿಗೆಯ ಸಂಬಳದಿಂದಲೇ. ಇದು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಒಂದು ಮಧ್ಯಾಹ್ನ ಅವರ ಮ್ಯಾನೇಜರ್ ಫೋನ್ ಮಾಡಿದ. ಕೆಮ್ಮದೆ ಮಾತು ಶುರು ಮಾಡುವವನೇ ಅಲ್ಲ. ಅಮ್ಮ ಅವನಿಗೆ ಕೆಮ್ಮಪ್ಪ ಎಂದೇ ಹೆಸರಿಟ್ಟಿದ್ದಳು. ಅತ್ತಿಗೆ ಸ್ಪೀಕರ್ ಹಾಕಿಕೊಂಡು ಮಾತಾಡುವುದರಿಂದ ನನಗೂ ಎಲ್ಲ ಕೇಳಿಸಿತು.

"ಮೇಡಂ, ಒಂದನೇ ಪಾರ್ಟಿಷನ್‌ನವರು ಇವತ್ತು ಸಂಜೆ ದೊಡ್ಡ ಸಿನಿಮಾದ ಟಿಕೆಟ್ ಬಿಡ್ತಿದ್ದಾರೆ. ಜನ ಮುಗಿಬೀಳ್ತಾರೆ. ಮೂರನೇದರಿಂದ ಎರಡು ಬೋರ್ಡ್ ತೆಗೆದು ಅವರಿಗೆ ಸೇರಿಸಿ. ನಾಳೆ ವಾಪಸ್ ಹಾಕಿದ್ರಾಯ್ತು."

"ಮೂರನೇದನ್ನ ನಿಲ್ಲಿಸದೆ ಬೋರ್ಡ್ ತೆಗೆಯೋಕೆ ಬರಲ್ಲ ಸರ್."

"ನಿಲ್ಲಿಸಿ. ಅದು ಹೇಗೂ ನಿದ್ದೆ ಹೊಡೀತಿರುತ್ತೆ."

ಮೂರನೇದು ಬ್ಲಡ್ ಬ್ಯಾಂಕಿನದು. ಯಾವ ಗುಂಪಿನ ರಕ್ತ ಯಾವ ಆಸ್ಪತ್ರೆಯಲ್ಲಿದೆ ಎಂದು ಕೇಳಿದವರಿಗೆ ಕೂಡಲೇ ಹೇಳುವುದು ಅದರ ಕೆಲಸ. ಯಾರೂ ಕೇಳದಿದ್ದಾಗ ಸುಮ್ಮನಿರುತ್ತದೆ. ಅದು ನಿಂತರೆ ಒಂದೊಂದೇ ಆಸ್ಪತ್ರೆಗೆ ಫೋನ್ ಹಚ್ಚಿ ಗೋಗರೆಯಬೇಕು.

"ಅವರಿಗೆ ಹೇಳಿದ್ದೀರಾ?" ಅತ್ತಿಗೆ ಕೇಳಿದರು.

"ಹೇಳಿದ್ರೆ ಸುಮ್ನೆ ರಾದ್ಧಾಂತ. ಗೊತ್ತೂ ಆಗಲ್ಲ ಬಿಡಿ."

"ಹಾಗಾದ್ರೆ ನನ್ನ ಕೈಯಿಂದ ಆಗಲ್ಲ."

"ನೀವಲ್ಲದಿದ್ರೆ ನಾನೇ ಮಾಡ್ತೀನಿ" ಎಂದು ಅವನು ಫೋನಿಟ್ಟ. ಬ್ಲಡ್ ಬ್ಯಾಂಕಿನವರಿಗೆ ನೇರವಾಗಿ ತಿಳಿಸೋಣವೆಂದರೆ ಗಿರಾಕಿಗಳ ನಂಬರೆಲ್ಲ ಅವನ ಹತ್ತಿರವೇ ಇದ್ದವು; ಇಂಟರ್‌ನೆಟ್ಟಿನಲ್ಲಿ ಸಿಕ್ಕ ಬ್ಲಡ್ ಬ್ಯಾಂಕ್ ಕಚೇರಿಯ ಫೋನನ್ನು ಯಾರೂ ಎತ್ತಲಿಲ್ಲ.

ಅತ್ತಿಗೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ನಾನು ಹೊಲಿಗೆ ನಿಲ್ಲಿಸಿದೆ.

ಆ ಸರ್ವರ್‌ಗೆ ಒಂದು ಕಟ್ಟುಪಾಡಿದೆ. ಅದರ ವಿಂಗಡಣೆಗೆ ಯಾರಾದರೂ ಒಬ್ಬರು ಕೈಹಾಕಿದರೆ, ಅವರು ಮುಗಿಸುವ ತನಕ ಬೇರೆ ಯಾರೂ ಬದಲಾಯಿಸುವ ಹಾಗಿಲ್ಲ. ಬೀಗ ಬೀಳುತ್ತದೆ. ಇಬ್ಬರು ಒಟ್ಟಿಗೆ ಕೈಯಾಡಿಸಿ ಎಡವಟ್ಟಾಗದಿರಲಿ ಎಂದು ಹಾಗೆ ಮಾಡಿದ್ದಾರೆ. ಅತ್ತಿಗೆ ಮೂರನೇ ಪಾರ್ಟಿಷನ್ನಿನ ವಿವರ ತೆರೆದು, ಅದರ ಹೆಸರಿನ ಕೊನೆಗೆ ಒಂದೇ ಒಂದು ಅಕ್ಷರ ಸೇರಿಸಿ, ಉಳಿಸದೆ, ಅಳಿಸದೆ ಹಾಗೇ ಬಿಟ್ಟರು. ಆಮೇಲೆ ತಾವೇ ಮ್ಯಾನೇಜರಿಗೆ ಫೋನ್ ಹಚ್ಚಿದರು.

"ಸರ್, ನಾನು ಬೀಗ ಹಾಕ್ಕೊಂಡು ಕೂತಿದ್ದೀನಿ. ನೀವು ಮೂರನೇದನ್ನ ನಿಲ್ಲಿಸಿದ್ರೂ ಬೋರ್ಡ್ ಅಲ್ಲಾಡಲ್ಲ. ಬೀಗ ಒಡೆಯೋ ಅಧಿಕಾರ ನಿಮಗಿದೆ, ಒಡೀರಿ. ಒಡೆದವರು ನೀವು ಅಂತ ಮೇಲಿನವರಿಗೂ ಕಾಣುತ್ತೆ, ಅಷ್ಟೇ."

ಆ ಕಡೆ ಕೆಮ್ಮು ಶುರುವಾಯಿತು. ತಾನೇ ಮಾಡಿದರೂ, ಅದು ದಿನವೂ ಅತ್ತಿಗೆ ಮಾಡುವ ಕೆಲಸವಾದ್ದರಿಂದ, ರಕ್ತ ನಿಲ್ಲಿಸಿದ ಪುಣ್ಯವನ್ನು ಅವರ ತಲೆಗೆ ಕಟ್ಟುವುದು ಅವನ ಲೆಕ್ಕಾಚಾರವಾಗಿತ್ತು. ತನ್ನ ತಲೆಗೇ ಬರುತ್ತದೆ ಎಂದಾಗ ಧೈರ್ಯ ಎಲ್ಲಿಂದ ಬರಬೇಕು! "ನಿಮ್ಮ ಕೆಲಸ ಉಳಿಯಲ್ಲ, ನೋಡ್ತಿರಿ" ಎಂದ.

"ನೋಡೋಣ ಸರ್. ಇವತ್ತು ಸಂಜೆಯಂತೂ ಇದೆ."

ಅಣ್ಣ ಹಲಗೆಯ ಮೇಲಿಂದಲೇ ಕೂಗಿದ: "ಯಾಕೆ ಊರ ಉಸಾಬರಿ ನಿನಗೆ? ಅವರ ಯಂತ್ರ, ಅವರಿಷ್ಟ."

"ಯಂತ್ರ ಅವರದು, ಕೈ ನನ್ನದು" ಎಂದರು ಅತ್ತಿಗೆ. ಮನೆಯಲ್ಲಿದ್ದ ಒಂದೇ ಆಧಾರವನ್ನು ಇವರು ಒಂದು ಅಕ್ಷರದ ಮೇಲೆ ತೂಗುಹಾಕಿದ್ದರು. ಸುಳ್ಳೇಕೆ, ನನಗೆ ಹೆಮ್ಮೆಯೂ ಆಯಿತು.

ಕಷ್ಟ ಇನ್ನೊಂದಿತ್ತು. ಸ್ವಲ್ಪ ಹೊತ್ತು ಏನೂ ಒತ್ತದಿದ್ದರೆ, ಮನುಷ್ಯ ಎದ್ದುಹೋದ ಎಂದುಕೊಂಡು ಸರ್ವರ್ ಸಂಪರ್ಕ ಕಡಿಯುತ್ತದೆ, ಬೀಗವೂ ಬಿಚ್ಚಿಕೊಳ್ಳುತ್ತದೆ. ಅತ್ತಿಗೆ ಕೂತಲ್ಲಿಂದ ಏಳುವ ಹಾಗಿರಲಿಲ್ಲ. ಬೆಳಕು ಕಂದುತ್ತಾ ಬಂದರೂ ಬಚ್ಚಲಿಗೂ ಹೋಗಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಏನೇ ಅದು, ಆಗಿನಿಂದ ರಕ್ತ ರಕ್ತ ಅಂತಿದ್ದೀಯ?"

ಅತ್ತಿಗೆ ಎರಡು ಮಾತಿನಲ್ಲಿ ಹೇಳಿದರು.

"ಎರಡನೇ ಹೆರಿಗೇಲಿ ನನಗೆ ರಕ್ತ ಹುಡುಕ್ಕೊಂಡು ನಿಮ್ಮ ಮಾವ ಊರೆಲ್ಲ ಅಲೆದಿದ್ರು. ಬಂದೋರು ಬಾಗಿಲಲ್ಲೇ ಕುಸಿದು ಕೂತಿದ್ರಂತೆ" ಎಂದಳು ಅಮ್ಮ. ಎರಡನೇ ಹೆರಿಗೆ ಎಂದರೆ ನಾನು. ನನಗೆ ಈ ಮಾತನ್ನು ಅವಳು ಯಾವತ್ತೂ ಹೇಳಿರಲಿಲ್ಲ. "ಏಳು, ಎದ್ದು ಹೋಗಿ ಬಾ. ಯಾವ ಗುಂಡಿ ಒತ್ತಬೇಕು ಹೇಳು."

"ಈ ಬಾಣದ ಗುರುತಿಂದು, ಅತ್ತೆ. ಆಗಾಗ ಒತ್ತಿದ್ರೆ ಸಾಕು. ಪಕ್ಕದ ದೊಡ್ಡದನ್ನ ಮಾತ್ರ ಮುಟ್ಟಬೇಡಿ, ಒತ್ತಿದ್ರೆ ಬೀಗ ಬಿಚ್ಚಿಕೊಳ್ಳುತ್ತೆ."

ಅಮ್ಮ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯ ಒಂದೇ ಬೆರಳಿನಿಂದ ಒತ್ತುತ್ತಾ ಕೂತಳು. ಉಸಿರು ಬಿಡುವುದಕ್ಕೂ ಹೆದರಿದ್ದಳು. ಅತ್ತಿಗೆ ಬಂದ ಮೇಲೂ ಎದ್ದೇಳಲಿಲ್ಲ. "ನೀನು ಊಟ ಮಾಡು" ಎಂದಳು. ಆಮೇಲೆ ಸರದಿ ನನ್ನದು. ಮ್ಯಾನೇಜರ್ ಮತ್ತೆ ಮತ್ತೆ ಫೋನ್ ಮಾಡಿದ, ಬೇಡಿದ, ಬೈದ. ಟಿಕೆಟ್ ಕೊಳ್ಳುವವರು ಕಾದು ಕಾದು ಶಾಪ ಹಾಕಿದರು, ಆದರೂ ಎಲ್ಲ ಟಿಕೆಟ್ಟೂ ಖಾಲಿಯಾದವು. ಆಗ ಅತ್ತಿಗೆ ಆ ಒಂದು ಅಕ್ಷರವನ್ನು ಅಳಿಸಿ ಬೀಗ ತೆಗೆದರು.

ಮರುದಿನ ಫೋನಿನಲ್ಲಿ ಮ್ಯಾನೇಜರನ ಜೊತೆ ಅವನ ಮೇಲಿನವರೂ ಇದ್ದರು. ಅವರ ದನಿ ಮೆತ್ತಗಿತ್ತು, ಅದೇ ಹೆಚ್ಚು ಹೆದರಿಸುವಂತಿತ್ತು.

"ನಿನ್ನೆ ಸಂಜೆಯ ವಿವರ ತರಿಸಿ ನೋಡಿದೆವು, ಮೇಡಂ. ಟಿಕೆಟ್ ಹೊತ್ತಿನಲ್ಲಿ ಬ್ಲಡ್ ಬ್ಯಾಂಕಿನ ಯಂತ್ರವನ್ನ ಒಬ್ಬರೂ ಏನೂ ಕೇಳಿಲ್ಲ. ಒಬ್ಬರೂ! ಇಷ್ಟಕ್ಕೆ ದೊಡ್ಡ ಗಿರಾಕಿಯನ್ನ ಸತಾಯಿಸಿದ್ರಿ. ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಇಲ್ಲಿಗೇ ಬಿಟ್ಟುಬಿಡ್ತೀವಿ. ಇಲ್ಲಾಂದ್ರೆ ಇವತ್ತೇ ಕೊನೆ."

ಅಣ್ಣ ಗೋಡೆ ಹಿಡಿದುಕೊಂಡು ಎದ್ದು ಬಂದಿದ್ದ. ಹೇಳಿಬಿಡು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೇಳಿದ್ದರೆ ನಾನಂತೂ ಅತ್ತಿಗೆಯದು ತಪ್ಪು ಎನ್ನುತ್ತಿರಲಿಲ್ಲ.

"ಯಾರೂ ಕೇಳಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಸರ್?" ಎಂದರು ಅತ್ತಿಗೆ. "ಅದು ಓಡ್ತಿತ್ತು, ಅದಕ್ಕೇ ಗೊತ್ತಾಯ್ತು. ನಿಲ್ಲಿಸಿದ್ರೆ, ಕೇಳಿ ಕೇಳಿ ಸಾಕಾಗಿ ಹೋದೋರು ಎಷ್ಟು ಜನ ಅಂತ ಯಾರನ್ನ ಕೇಳ್ತಿದ್ರಿ?"

ಫೋನ್ ಕಡಿಯಿತು. ಸ್ವಲ್ಪ ಹೊತ್ತಿಗೆ, ಇನ್ನು ಒಳಗೆ ಬರಲು ನಿಮಗೆ ಅನುಮತಿಯಿಲ್ಲ ಎಂಬ ಸಾಲು ಪರದೆಯ ಮೇಲೆ ಮೂಡಿತು.

"ಹೋಯ್ತಾ?" ಅಣ್ಣ ಕೇಳಿದ.

"ನನ್ನದು ಹೋಯ್ತು" ಎಂದರು ಅತ್ತಿಗೆ. "ಮೂರನೇದು ಓಡ್ತಿದೆ."