ಏಣಿಯ ಬುಡದಲ್ಲಿ

ನನ್ನ ಗಂಡ ತೀರಿಕೊಂಡ ವರ್ಷ ಕೆಲಸ ಕೇಳಿಕೊಂಡು ಬಣ್ಣದ ಅಂಗಡಿಗೆ ಹೋಗಿದ್ದೆ. ಮೇಸ್ತ್ರಿಯ ಸುದ್ದಿ ಮೊದಲು ಕಿವಿಗೆ ಬಿದ್ದದ್ದು ಅಲ್ಲೇ. ಅಂಗಡಿಯವರು ಡಬ್ಬಿಯ ಮುಚ್ಚಳ ಮೀಟುತ್ತ ಹೇಳಿದರು:

"ಬಣ್ಣದ ಮೇಸ್ತ್ರಿಗೆ ಒಬ್ರು ಬೇಕಂತೆ. ಗೋಡೆ ಕೆರೆಯೋದು, ಬಣ್ಣ ಕಲಸೋದು ಇದ್ದದ್ದೇ. ಮುಖ್ಯ ಕೆಲಸ ಏಣಿ ಹಿಡ್ಕೊಳ್ಳೋದು. ಆ ಮನುಷ್ಯ ಬೀಳ್ತಾನೆ."

"ಕುಡೀತಾರಾ?"

"ಟೀ ಬಿಟ್ರೆ ಏನೂ ಇಲ್ಲ. ಅದೇ ಆಶ್ಚರ್ಯ."

ಮೇಸ್ತ್ರಿ ನನಗಿಂತ ಚಿಕ್ಕವರು, ಕಡ್ಡಿಯಂಥ ಆಳು. ಗೋಡೆಗೆ ಬಣ್ಣ ಹೊಡೆಯುವಾಗ ಏನೂ ಆಗುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ ಚಾವಣಿಗೆ ಬ್ರಷ್ ಎತ್ತಿದಾಗ ಮಾತ್ರ ಒಮ್ಮೊಮ್ಮೆ ಕಣ್ಣು ಕತ್ತಲಿಟ್ಟು ಮೂಟೆಯಂತೆ ಕುಸಿಯುವರು. ಕೆಳಗಿದ್ದ ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಹಿಮ್ಮಡಿ ಕಾಣುತ್ತಿತ್ತು. ಬೀಳುವ ಮುಂಚೆ ಹಿಮ್ಮಡಿ ಸಡಿಲವಾಗುತ್ತಿತ್ತು. ಆಗ ನಾನು ಏಣಿ ಬಿಟ್ಟು ಅವರನ್ನೇ ತಬ್ಬಿ ಹಿಡಿಯುತ್ತಿದ್ದೆ. ಎಚ್ಚರಾದ ಕೂಡಲೇ ಕೇಳುತ್ತಿದ್ದದ್ದು ಒಂದೇ: "ಬ್ರಷ್ ಎಲ್ಲಿ?"

ಒಂದು ದಿನ ನನ್ನ ಕೈಗೂ ಸಿಗದೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬಣ್ಣ ಹೊಡೆಸುವ ಮನೆಗಳವರು ಚಾವಣಿ ಕೆಲಸ ಕೊಡುವುದನ್ನು ನಿಲ್ಲಿಸಿದರು. "ಏಣಿ ಹತ್ತದ ಮೇಸ್ತ್ರಿ ಎಂಥ ಮೇಸ್ತ್ರಿ ಅಕ್ಕ?" ಎಂದು ಮೇಸ್ತ್ರಿ ಮೊದಲ ಸಲ ನಗದೆ ಕೇಳಿದರು.

ಆಸ್ಪತ್ರೆಗೆ ಅವರ ಹೆಂಡತಿಯ ಜೊತೆ ನಾನೂ ಹೋದೆ. ಡಾಕ್ಟರಮ್ಮ ಮೇಸ್ತ್ರಿಯ ಎದೆಗೆ ವಯರು ಅಂಟಿಸಿ, ಕತ್ತಿನ ಪಕ್ಕ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ನೆಟ್ಟಗೆ ಮಲಗಿಬಿಟ್ಟಿತು. ಬೆರಳು ತೆಗೆದರು, ಗೆರೆ ಮತ್ತೆ ಕುಣಿಯಿತು.

"ಕತ್ತಲ್ಲಿ ಇಲ್ಲಿ ಒತ್ತಿದ್ರೆ ಇವರ ಹೃದಯ ಸ್ವಲ್ಪ ಹೊತ್ತು ಬಡಿಯೋದನ್ನೇ ಬಿಡುತ್ತೆ. ಕೆಲಸ ಮಾಡುವಾಗ ಕತ್ತಿಗೇನಾದ್ರೂ ಕಟ್ತೀರಾ?"

ಬಣ್ಣದ ಹನಿ ಅಂಗಿಯೊಳಗೆ ಇಳಿಯದಿರಲಿ ಎಂದು ನಮ್ಮವರೆಲ್ಲ ಬಟ್ಟೆ ಕಟ್ಟುವುದುಂಟು. ಮೇಸ್ತ್ರಿಗೆ ಅದನ್ನು ದಿನಾ ಬೆಳಿಗ್ಗೆ ಬಿಗಿಯಾಗಿ ಕಟ್ಟಿ ಕಳಿಸುತ್ತಿದ್ದದ್ದು ಹೆಂಡತಿ. ಆಕೆ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

"ಕತ್ತು ಹಿಸುಕೋ ಮನಸ್ಸಿದ್ರೆ ಬಾಯಿ ಬಿಟ್ಟು ಹೇಳಬಾರದಿತ್ತೇನೇ?" ಎಂದರು ಮೇಸ್ತ್ರಿ. ಅಳುತ್ತಲೇ ಅವರ ತೊಡೆಗೆ ಒಂದು ಬಿಟ್ಟಳು.

ಕತ್ತಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟರು. ಆದರೂ ತಲೆ ಎತ್ತಿದಾಗ ಮತ್ತೆ ಬಿದ್ದರು. ಆಮೇಲೆ ಎಡ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಇಟ್ಟರು. ಹೃದಯ ಸುಮ್ಮನಾದರೆ ಅದು ತಟ್ಟಿ ಎಬ್ಬಿಸುತ್ತದಂತೆ. "ತಲೆ ಸುತ್ತೋದು ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ಕೆಲವರಿಗೆ ಬಿಪಿನೂ ಇಳಿಯುತ್ತೆ" ಎಂದೂ ಡಾಕ್ಟರಮ್ಮ ಹೇಳಿದ್ದರು. ಗಾಯ ಮಾಗುವ ತನಕ ಎಡಗೈ ಮೇಲೆತ್ತುವಂತಿರಲಿಲ್ಲ. ಕಿಟಕಿಯಿಂದ ಕೆಳಗಷ್ಟೇ ಬಣ್ಣ ಹೊಡೆದು, "ಈಗ ನಾನು ಕುಳ್ಳರ ಮೇಸ್ತ್ರಿ" ಎನ್ನುವರು.

ಡಾಕ್ಟರಮ್ಮ ಹೂಂ ಎಂದ ಮೇಲೆ ಒಂದು ಶಾಲೆಯ ಕೋಣೆಯಲ್ಲಿ ಏಣಿ ಹಾಕಿದೆವು. ಅವರು ಹತ್ತಿದರು, ತಲೆ ಎತ್ತಿದರು. ನಾನು ಹಿಮ್ಮಡಿಯಿಂದ ಕಣ್ಣು ಕೀಳಲಿಲ್ಲ. ತುಂಬ ಹೊತ್ತಾಯಿತು. ಹಿಮ್ಮಡಿ ಗಟ್ಟಿಯಾಗೇ ಇತ್ತು.

"ಅಕ್ಕಾ, ಏಣಿ ಬಿಡು. ನಿನ್ನ ಕೈ ನಡುಗ್ತಿದೆ, ಅದಕ್ಕೇ ನಾನು ಬಿದ್ದೇನು!"

ನಾನು ಬಿಡಲಿಲ್ಲ. ಆಮೇಲೆ ಎಷ್ಟೋ ಮನೆಗಳಲ್ಲೂ ಬಿಡಲಿಲ್ಲ. ಅವರೂ ಬೀಳಲಿಲ್ಲ.

ಮುಪ್ಪಿನಲ್ಲಿ ಶ್ವಾಸಕೋಶ ಕೈಕೊಟ್ಟು ಮೇಸ್ತ್ರಿ ಹಾಸಿಗೆ ಹಿಡಿದರು. ನೋಡಲು ಹೋದರೆ ಮಂಚದ ಮೇಲಿನ ಚಾವಣಿಯನ್ನೇ ದಿಟ್ಟಿಸುತ್ತಿದ್ದರು. ನೀರು ಸೋರಿ ಅಲ್ಲೊಂದು ಕಂದು ಕಲೆ ಆಗಿತ್ತು.

"ದಿನವಿಡೀ ಅದನ್ನೇ ನೋಡ್ಬೇಕಲ್ಲ ಅಕ್ಕ, ನಾಚಿಕೆಯಾಗುತ್ತೆ. ಒಂದು ಕೈ ಬಣ್ಣ ಹೊಡೀತೀಯಾ?"

"ಲೋಟ ಹಿಡಿಯೋ ಶಕ್ತಿ ಇಲ್ಲ, ಮೇಸ್ತ್ರಿಕೆ ನೋಡು!" ಎಂದು ಹೆಂಡತಿ ಗದರಿದಳು. ಗದರುತ್ತಲೇ ಮೂಲೆಯಲ್ಲಿದ್ದ ಗಿಡ್ಡ ಏಣಿಯನ್ನು ಮಂಚಕ್ಕೆ ತಾಗಿಸಿಟ್ಟಳು.

ಮೇಸ್ತ್ರಿ ಹೊದಿಕೆಯಿಂದ ಕೈ ಹೊರಗೆ ತಂದು ಏಣಿಯ ಕಾಲನ್ನು ಹಿಡಿದುಕೊಂಡರು.

"ಹತ್ತಕ್ಕಾ, ಹೆದರಬೇಡ. ನಾನು ಹಿಡ್ಕೊಂಡಿದೀನಿ."